ತೂಬಿನ ಮೇಸ್ತ್ರಿಯೂ ಕೆಂಪಾಜಮ್ಮನ ಮಿಸ್ ಕಾಲೂ

ಒಂದು ರಾಜ್ಯ ಇತ್ತು. ಆ ರಾಜ್ಯಕ್ಕೊಬ್ಬ ರಾಜ, ಆ ರಾಜನಿಗೊಂದು ಹೂವಿನ ತೋಟ. ರಾಜರ ಕಾಲದಲ್ಲಿ ಮೊಬೈಲ್ ಎಲ್ಲಿತ್ತು ಅಂತ ಯಾರೂ ಮೂಗು ಮುರಿಯಬೇಡಿ. ಕಥೆ ನನ್ನದು, ರಾಜ ನನ್ನವನು, ಅವನ ರಾಜ್ಯದಲ್ಲಿ ಎಲ್ಲರ ಕೈಗೂ ನಾನೇ ಒಂದೊಂದು ಫೋನು ಕೊಟ್ಟಿದ್ದೀನಿ. ಸುಮ್ಮನೆ ಕೇಳಿ.

ಆ ತೋಟದಲ್ಲಿ ಕೆಂಪಾಜಮ್ಮ ಅಂತ ಒಬ್ಬಳು ಹೂವಿನ ಗಿಡ ನೋಡಿಕೊಳ್ಳುತ್ತಿದ್ದಳು. ಮದುವೆಯಾಗಿ ಬಂದ ದಿನದಿಂದ ತೋಟದ ಕಟ್ಟಕಡೆಯ ಮಲ್ಲಿಗೆ ಮಡಿಗಳು ಅವಳದೇ ಜವಾಬ್ದಾರಿ. ಗಂಡ ತೀರಿಕೊಂಡ ಮೇಲೂ ಅವಳು ಆ ಮಡಿ ಬಿಡಲಿಲ್ಲ. ಅದರ ಪಕ್ಕದಲ್ಲೇ ಅವಳ ಗುಡಿಸಲು. ಎದ್ದರೂ ಮಲ್ಲಿಗೆ, ಮಲಗಿದರೂ ಮಲ್ಲಿಗೆ. ಕೈಯೆಲ್ಲ ಕೆಸರಾಗುತ್ತೆ ಅಂತ ಫೋನನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಸೊಂಟಕ್ಕೆ ಸಿಕ್ಕಿಸಿಕೊಂಡು ಕೆಲಸ ಮಾಡೋಳು.

ತೋಟದಲ್ಲಿ ಫೋನು ಯಾಕೆ ಅಂತೀರಾ? ಕೆರೆಯಿಂದ ನೀರು ಬಿಡೋ ತೂಬು ಇದ್ದದ್ದು ಮೇಲೆ, ಏರಿಯ ಹತ್ತಿರ. ಮಲ್ಲಿಗೆ ಮಡಿ ಇದ್ದದ್ದು ಕೆಳಗೆ. ನಡುವೆ ದೊಡ್ಡ ಮಾವಿನ ತೋಪು. ಕೆಳಗಿನವರು ಗಂಟಲು ಹರಿಯೋ ಹಾಗೆ ಕೂಗಿಕೊಂಡರೂ ಮೇಲಿನವರಿಗೆ ಕೇಳದು. ಅದಕ್ಕೇ ತೋಟದವರೆಲ್ಲ ಸೇರಿ ಒಂದು ಪದ್ಧತಿ ಮಾಡಿಕೊಂಡಿದ್ದರು. ಕಡೇ ಮಡಿ ತುಂಬಿತೋ, ಕೆಳಗಿನಿಂದ ಮೇಲಕ್ಕೆ ಒಂದು ಮಿಸ್ ಕಾಲ್. ಅಂದರೆ ನೀರು ಸಾಕು, ತೂಬು ಮುಚ್ಚು ಅಂತ. ಮಾತಿಲ್ಲ, ಕಥೆಯಿಲ್ಲ, ಕರೆನ್ಸಿ ಖರ್ಚೂ ಇಲ್ಲ. ಹೀಗೆ ವರ್ಷಗಟ್ಟಲೆ ಚೆನ್ನಾಗೇ ನಡೆದಿತ್ತು.

ಆಮೇಲೆ ತೂಬಿಗೆ ಹೊಸ ಮೇಸ್ತ್ರಿ ಬಂದ. ಹೆಸರು ಮುದ್ರಂಗಪ್ಪ. ತೂಬಿನ ಬೀಗದ ಕೈ ಅವನ ಉಡಿದಾರದಲ್ಲಿ. ನೋಡೋಕೆ ಭಾರೀ ಆಸಾಮಿ, ಮೇಲೊಂದು ಹುರಿ ಮೀಸೆ ಬೇರೆ. ಆದರೆ ಆಸಾಮಿಗೆ ಫೋನಿನಲ್ಲಿ ಕುಸ್ತಿ ನೋಡೋ ಹುಚ್ಚು. ತೂಬು ಎತ್ತಿ ನೀರು ಬಿಡೋನು, ಹೊಂಗೆ ಮರದ ನೆರಳಿಗೆ ಕೂರೋನು, ಫೋನು ತೆಗೆಯೋನು. ಕುಸ್ತಿ ನಡುವೆ ಮಿಸ್ ಕಾಲ್ ಬಂದರೆ ಕುಸ್ತಿ ನಿಂತುಹೋಗುತ್ತಲ್ಲ, ಅವನಿಗೆ ಮೈಯೆಲ್ಲ ಉರಿ. ನೊಣ ಓಡಿಸಿದ ಹಾಗೆ ಹೆಬ್ಬೆರಳಲ್ಲಿ ಕಾಲ್ ಕಟ್ ಮಾಡಿ ಮತ್ತೆ ಕುಸ್ತಿ ನೋಡ್ತಾ ಕೂರೋನು.

ಇತ್ತ ಕೆಳಗೆ ನೀರು ಬದು ಹತ್ತಿ ಹರಿಯೋದು. ಮಲ್ಲಿಗೆಗೆ ನೀರು ನಿಂತರೆ ಆಗಲ್ಲ. ಒಂದು ಮಡಿ ಗಿಡವೆಲ್ಲ ಬೇರು ಕೊಳೆತು ಹಳದಿಯಾಯಿತು.

ಏನಯ್ಯಾ ಇದು ಅಂತ ರಾಜ ಕೇಳಿದ. ಮೇಸ್ತ್ರಿ ಕೈ ಕಟ್ಟಿಕೊಂಡು, ಇವರೆಲ್ಲ ಫೋನಿನಲ್ಲಿ ಹಾಡು ಹಾಕಿಕೊಂಡು ಮೈಮರೀತಾರೆ ಪ್ರಭು, ಅದಕ್ಕೇ ಹಿಂಗಾಯ್ತು ಅಂದ. ಹಾಡು ಬಂದ್ ಅಂತ ಅಪ್ಪಣೆಯಾಯಿತು. ತೋಟ ಬಿಕೋ ಅಂತು. ಎರಡನೇ ಮಡಿಯೂ ಕೊಳೆಯಿತು.

ರಾಜ ಮತ್ತೆ ಕೇಳಿದ. ಬೆಳಗ್ಗೆಯಿಂದ ಸಂಜೆತನಕ ಬರೀ ಹಲೋ ಹಲೋ, ಕಳೆ ಕೀಳೋಕೆ ಕೈ ಎಲ್ಲಿದೆ ಪ್ರಭು ಅಂದ ಮೇಸ್ತ್ರಿ. ಎಲ್ಲರ ಫೋನೂ ಬಾಗಿಲಲ್ಲಿ ಒಂದು ಬುಟ್ಟಿಗೆ ಬಿತ್ತು. ಉಸ್ತುವಾರಿಗೆ ಬೇಕು ಅಂತ ಮೇಸ್ತ್ರಿಯದೊಂದು ಉಳಿಯಿತು ಅನ್ನಿ. ಈಗ ಮಿಸ್ ಕಾಲೂ ಇಲ್ಲ. ಮಡಿ ತುಂಬಿದಾಗ ಕೆಂಪಾಜಮ್ಮ ಸೀರೆ ಎತ್ತಿ ಕಟ್ಟಿಕೊಂಡು ಏರಿತನಕ ಓಡಬೇಕು. ಅವಳು ಏದುಸಿರು ಬಿಡ್ತಾ ಮುಟ್ಟೋ ಹೊತ್ತಿಗೆ ಕೆಳಗೆ ಎಲ್ಲ ಮುಳುಗಿರೋದು. ಮೂರನೇ ಮಡಿಯೂ ಹೋಯಿತು.

ಮೂರನೇ ಸಲ ರಾಜ ಕೆಂಡವಾದ. ಮೇಸ್ತ್ರಿ ಏನಂದ ಗೊತ್ತಾ? ಇದಕ್ಕೆಲ್ಲ ಮೂಲ ಆ ಕೆಂಪಾಜಮ್ಮ, ಮಿಸ್ ಕಾಲ್ ಅನ್ನೋ ಸೋಮಾರಿ ವಿದ್ಯೆ ಎಲ್ಲರಿಗೂ ಕಲಿಸಿದವಳೇ ಅವಳು, ಅವಳನ್ನ ಕಳಿಸಿದರೆ ತೋಟ ಉದ್ಧಾರ ಆಗುತ್ತೆ ಅಂದ. ರಾಜ ಕೆಟ್ಟವನೇನಲ್ಲ, ಆದರೆ ಅವನದು ಹಿತ್ತಾಳೆ ಕಿವಿ. ನಾಳಿದ್ದು ಗುಡಿಸಲು ಖಾಲಿ ಮಾಡಬೇಕು ಅಂತ ಕೆಂಪಾಜಮ್ಮನಿಗೆ ಹೇಳಿ ಕಳಿಸಿದ.

ಕೆಂಪಾಜಮ್ಮ ಉಳಿದೊಂದು ಮಡಿಯ ಬದುವಿನ ಮೇಲೆ ಕೂತು ಅತ್ತಳು. ಎಲ್ಲಿಗೆ ಹೋಗೋದು? ಈ ಮಣ್ಣು ಬಿಟ್ಟರೆ ಅವಳಿಗೆ ಇನ್ನೊಂದು ಜಾಗ ಗೊತ್ತಿಲ್ಲ. ಅತ್ತು ಮುಗಿದ ಮೇಲೆ ಸಿಟ್ಟು ಬಂತು. ಏರಿಗೆ ಓಡಿದಾಗ ಮೇಸ್ತ್ರಿಯ ಕುಸ್ತಿ ಹುಚ್ಚನ್ನ ಅವಳು ಕಣ್ಣಾರೆ ನೋಡಿದ್ದಳು. ಹೇಳಿದರೆ ನಂಬೋರು ಯಾರು? ಇದನ್ನ ರಾಜನ ಕಿವಿಗೆ ನಾನು ಹಾಕೋದಲ್ಲ, ಆ ಮೇಸ್ತ್ರಿ ಬಾಯಿಂದಲೇ ಹಾಕಿಸಬೇಕು ಅಂತ ತೀರ್ಮಾನ ಮಾಡಿ, ಮುಖ ತೊಳೆದುಕೊಂಡು ಅರಮನೆಗೆ ನಡೆದಳು.

"ಬುದ್ಧೀ, ಹೋಗು ಅಂದ್ರಿ, ಹೋಗ್ತೀನಿ. ಸಾಕಿದ ಮಡಿಗೆ ನಾಳೆ ಕಡೇ ಸಲ ನೀರು ಕಟ್ಟಿ ಹೋಗ್ತೀನಿ. ನನ್ನ ಫೋನನ್ನ ಆ ಬುಟ್ಟಿಯಿಂದ ತೆಗೆಸಿ. ನಾನು ಅದನ್ನ ಮುಟ್ಟಲ್ಲ, ತಮ್ಮ ಕೈಲೇ ಇರಲಿ. ತಾವೇ ಮಡಿ ಹತ್ತಿರ ಬಂದು ನಿಂತು, ಅದು ತುಂಬಿದಾಗ ಮೇಸ್ತ್ರಿಗೊಂದು ಮಿಸ್ ಕಾಲ್ ಕೊಡಿ. ತಾವು ಬರೋದು ಮಾತ್ರ ಯಾರಿಗೂ ಗೊತ್ತಾಗೋದು ಬೇಡ."

ರಾಜನಿಗೆ ನಗು ಬಂತು. ಹೆಂಗಸು ಕೇಳಿಕೊಳ್ತಿರೋದು ಇಷ್ಟೇ ತಾನೇ ಅಂತ ಒಪ್ಪಿಕೊಂಡ.

ಅಲ್ಲಿಂದ ಕೆಂಪಾಜಮ್ಮ ನೆಟ್ಟಗೆ ಮೇಸ್ತ್ರಿ ಹತ್ತಿರ ಹೋದಳು. ಹಲ್ಲು ಕಚ್ಚಿಕೊಂಡು ಕೈ ಮುಗಿದಳು. ನಾಳೆ ನನ್ನ ಕಡೇ ನೀರು ಮೇಸ್ತ್ರಿಗಳೇ, ರಾಜರು ದೊಡ್ಡ ಮನಸ್ಸು ಮಾಡಿ ಫೋನು ಕೊಡ್ತಾರಂತೆ, ಮಡಿ ತುಂಬಿದಾಗ ಒಂದು ಮಿಸ್ ಕಾಲ್ ಕೊಡ್ತೀನಿ ಅಂದಳು. ಆಮೇಲೆ ಹೊರಡೋಳು ಹಾಗೇ ನಿಂತು, ನಾಳೆ ಬೆಳಗ್ಗೆ ಭಾರೀ ಕುಸ್ತಿ ಐತಂತೆ, ಊರೆಲ್ಲ ಅದೇ ಮಾತು ಅಂತ ಒಂದು ಕಡ್ಡಿ ಗೀರಿ ಬಂದಳು. ಮೇಸ್ತ್ರಿಗೆ ಒಳಗೊಳಗೇ ಖುಷಿ. ನಾಳೆ ಕಡೇ ಮಡಿಯೂ ಮುಳುಗಲಿ, ಫೋನು ಕೊಟ್ಟಿದ್ದಕ್ಕೇ ಮುಳುಗಿತು ಅಂತ ರಾಜನಿಗೆ ಹೇಳಿದರಾಯಿತು ಅಂತ ಮೀಸೆ ತಿರುವಿದ.

ಬೆಳಗಾಯಿತು. ರಾಜ ಒಂದು ಸಾದಾ ಪಂಚೆ ಉಟ್ಟು, ಕೆಂಪಾಜಮ್ಮನ ಫೋನು ಹಿಡಿದು, ಬರಿಗಾಲಲ್ಲಿ ಬಂದು ಮಡಿಯ ಬಾಯಲ್ಲಿ ನಿಂತ. ಮೇಲೆ ತೂಬು ಎದ್ದಿತು, ನೀರು ಜುಳುಜುಳು ಬಂತು. ಕೆಂಪಾಜಮ್ಮ ಗುದ್ದಲಿ ಹಿಡಿದು ಒಂದು ಕಡೆ ಮಣ್ಣು ಕಡಿದಳು, ಇನ್ನೊಂದು ಕಡೆ ಮಣ್ಣು ಕಟ್ಟಿದಳು. ಮಡಿ ತುಂಬಿತು. ಈಗ ಕೊಡಿ ಬುದ್ಧಿ ಅಂದಳು.

ರಾಜ ಮಿಸ್ ಕಾಲ್ ಕೊಟ್ಟ. ಮೇಲೆ ಕಟ್ ಮಾಡಿದರು. ನೀರು ಮಾತ್ರ ನಿಲ್ಲಲಿಲ್ಲ. ರಾಜನ ಪಾದ ಒದ್ದೆಯಾಯಿತು. ಕೈ ತಾಗಿ ಕಟ್ಟಾಗಿರಬೇಕು ಅಂದುಕೊಂಡ.

ಎರಡನೇ ಸಲ ಕೊಟ್ಟ. ಮತ್ತೆ ಕಟ್. ನೀರು ಬದು ಹತ್ತಿತು. ರಾಜನ ಕಾಲು ಗಿಣ್ಣಿನತನಕ ಕೆಸರಲ್ಲಿ ಹೂತಿತು. ಅವನು ಕೆಂಪಾಜಮ್ಮನ ಮುಖ ನೋಡಿದ. ಅವಳು ಇನ್ನೊಂದು ಸಲ ಕೊಡಿ ಅನ್ನೋ ಹಾಗೆ ಫೋನಿನ ಕಡೆ ಕೈ ತೋರಿಸಿದಳು.

ಮೂರನೇ ಸಲ ಕೊಟ್ಟ. ಈ ಸಲ ಮೇಸ್ತ್ರಿ ಕಾಲ್ ಎತ್ತಿದ. ಎತ್ತಿದವನೇ ಗುಡುಗಿದ.

"ಏ ಮುದುಕಿ, ಎಷ್ಟು ಸಲ ಕಟ್ ಮಾಡಬೇಕೇ ನಿಂಗೆ? ಇಲ್ಲಿ ಪೈಲ್ವಾನ್ ಎದೆ ಮೇಲೆ ಕೂತವ್ನೆ, ನಿಂಗೆ ತೂಬಿನ ಚಿಂತೆ. ಮುಳುಗಿದ್ರೆ ಮುಳುಗಲಿ ಬಿಡು. ಎಲ್ಲಾ ಫೋನಿಂದ ಕೆಟ್ಟೋಯ್ತು ಅಂದ್ರೆ ಆ ಪೆದ್ದು ರಾಜ ನಂಬ್ತಾನೆ."

ರಾಜ ಮೆಲ್ಲಗೆ ಹೇಳಿದ:

"ಮುದ್ರಂಗಪ್ಪ, ಪೆದ್ದು ರಾಜನೇ ಮಾತಾಡ್ತಿರೋದು. ಮೊದಲು ತೂಬು ಮುಚ್ಚು."

ಮೇಲೆ ಮೇಸ್ತ್ರಿಯ ಕೈಯಿಂದ ಫೋನು ಜಾರಿ ನೀರಿಗೆ ಬಿತ್ತು. ಪೈಲ್ವಾನ್ ಗೆದ್ದನೋ ಸೋತನೋ, ನೋಡೋಕೆ ಅವನಿಗೆ ಪುರುಸೊತ್ತಾಗಲಿಲ್ಲ. ತೂಬು ಮುಚ್ಚಿ, ಓಡೋಡಿ ಇಳಿದು ಬಂದ. ಅಷ್ಟರಲ್ಲಿ ತೋಟದವರೆಲ್ಲ ಅಲ್ಲಿ ಸೇರಿದ್ದರು. ಕೆಸರಲ್ಲಿ ನಿಂತ ರಾಜ, ಬಾಯಿ ಬಾಯಿ ಬಿಡ್ತಿರೋ ಮೇಸ್ತ್ರಿ, ನಡುವೆ ಕೆಂಪಾಜಮ್ಮ. ಯಾರೋ ಒಬ್ಬರು ಕಿಸಕ್ಕನೆ ನಕ್ಕರು, ಆಮೇಲೆ ತೋಟಕ್ಕೆ ತೋಟವೇ ನಕ್ಕಿತು.

ರಾಜನೂ ನಕ್ಕ, ಆದರೆ ನಾಚಿಕೆಯಿಂದ ನಕ್ಕ. ಎಲ್ಲರ ಎದುರಿಗೇ, ತಪ್ಪು ನನ್ನದೂ ಇದೆ ತಾಯಿ, ಒಬ್ಬನ ಮಾತು ಕೇಳಿಕೊಂಡು ನಿನ್ನನ್ನ ಬೀದಿಗೆ ತಳ್ಳೋಕೆ ಹೊರಟಿದ್ದೆ ಅಂದ. ಮೇಸ್ತ್ರಿಯ ಉಡಿದಾರದಿಂದ ಬೀಗದ ಕೈ ಬಿಚ್ಚಿಸಿ ಅವಳ ಕೈಗೆ ಕೊಟ್ಟ. ಅವಳ ಗುದ್ದಲಿ ಇಸಿದುಕೊಂಡು ಮೇಸ್ತ್ರಿ ಕೈಗೆ ಕೊಟ್ಟ. ಕೊಳೆತ ಮೂರು ಮಡಿ ಅಗೆದು, ಹೊಸ ಸಸಿ ನೆಟ್ಟು, ಅವು ಮೊಗ್ಗು ಬಿಡೋತನಕ ಮುದ್ರಂಗಪ್ಪ ಆ ಕೆಸರು ಬಿಟ್ಟು ಕದಲಕೂಡದು ಅಂತ ಅಪ್ಪಣೆಯಾಯಿತು. ಬುಟ್ಟಿಯಲ್ಲಿದ್ದ ಫೋನುಗಳೆಲ್ಲ ಅವರವರ ಸೊಂಟ ಸೇರಿದವು. ಅವತ್ತು ಸಂಜೆ ತೋಟದಲ್ಲಿ ಹಾಡೋ ಹಾಡು.

ಮುಂದಿನ ಬೇಸಿಗೆಗೆ ಆ ಮಡಿಗಳಲ್ಲಿ ಎಂಥ ಮಲ್ಲಿಗೆ ಬಿಟ್ಟಿತು ಅಂತೀರಿ. ರಾಣಿಯ ಜಡೆಗೆ ಹೋಗೋ ಮುಂಚೆ ಮೊದಲ ದಂಡೆ ಕೆಂಪಾಜಮ್ಮನ ತುರುಬಿಗೆ ಹೋಯಿತು. ಮುಡಿಸಿದವಳು ಸಾಕ್ಷಾತ್ ರಾಣಿಯೇ. ಗಂಡ ಹೋದವಳು ಹೂ ಮುಡೀಬಾರದು ಅಂತ ಗೊಣಗೋಕೆ ಯಾರೋ ಬಾಯಿ ತೆರೆದರಂತೆ, ರಾಣಿ ತಿರುಗಿ ನೋಡಿದ ನೋಟಕ್ಕೆ ತೆರೆದ ಬಾಯಿ ಹಾಗೇ ಮುಚ್ಚಿಕೊಂಡಿತಂತೆ.

ನೀತಿ ಏನು ಅಂದರೆ ಕೇಳಿ. ಕೈಯಲ್ಲಿ ಫೋನಿರೋದು ತಪ್ಪಲ್ಲ, ಕೆಲಸ ಕರೆದಾಗ ಓಗೊಡದೆ ಇರೋದು ತಪ್ಪು. ಆ ತಪ್ಪನ್ನ ಕೈಕೆಳಗಿನವರ ತಲೆಗೆ ಕಟ್ಟೋದು ಇನ್ನೂ ದೊಡ್ಡ ತಪ್ಪು. ಹಾಗೆ ಕಟ್ಟಿದವನು ಒಂದಲ್ಲ ಒಂದು ದಿನ ತನ್ನ ಬಾಯಿಂದಲೇ ಸಿಕ್ಕಿಬೀಳ್ತಾನೆ.