ಸಾರಿನ ತಳ

ಬನ್ನಿ, ಚಾಪೆ ಎಳೆದುಕೊಂಡು ಕೂತುಕೊಳ್ಳಿ. ಕೈಕೆಲಸ ಕೈಯಲ್ಲೇ ಇರಲಿ, ಕಿವಿ ಮಾತ್ರ ಇತ್ತ ಕೊಡಿ.

ಒಬ್ಬ ಶಿಷ್ಯ ಓಡೋಡಿ ಗುರುವಿನ ಬಳಿಗೆ ಬಂದ. ಬುತ್ತಿಯ ಗಂಟನ್ನು ಕೆಳಗಿಡುವಷ್ಟೂ ತಾಳ್ಮೆಯಿಲ್ಲ.

"ಗುರುಗಳೇ, ಗೆದ್ದೆ! ನಮ್ಮೂರಿನ ಗಂಡಸರಿಗೆ ವರ್ಷವೆಲ್ಲ ಬುದ್ಧಿ ಹೇಳಿದೆ. ಹೆಣ್ಣು ನಮಗೆ ಸಮ ಎಂದು ನಲವತ್ತು ಜನ ಕೈ ಎತ್ತಿದರು. ಇನ್ನು ಮುಂದಿನ ಊರಿಗೆ ಹೋಗಲೇ?"

ಗುರು ನಕ್ಕು ಕತೆ ಹೇಳಿದರು.

ಒಂದೂರು. ಅಲ್ಲಿ ಗಂಡಸರು ಉಂಡೆದ್ದ ಮೇಲೆ ಹೆಂಗಸರು ಉಣ್ಣುವುದು ರೂಢಿ. ಗೌಡನ ಸೊಸೆ ಬಾಣಂತಿ. ತಳದಲ್ಲಿ ಉಳಿದಷ್ಟೇ ಉಂಡೂ ಉಂಡೂ ಅವಳ ಎದೆಹಾಲು ಬತ್ತತೊಡಗಿತು, ಮಗು ಸೊರಗಿತು. ಇದನ್ನು ಕಂಡ ಜಂಗಮನೊಬ್ಬ ಅಲ್ಲೇ ತಂಗಿದ. "ಹೆಂಡತಿಗೂ ಪಕ್ಕದಲ್ಲೇ ಉಣ್ಣಲು ಗಂಗಳ ಇಡಿ" ಎಂದು ಮನೆಮನೆಗೂ ಹೇಳಿದ. ಗಂಡಸರೆಲ್ಲ ಆಣೆ ಮಾಡಿದರು.

ತಿಂಗಳು ಕಳೆಯಿತು. ಜಂಗಮ ಎಲ್ಲರನ್ನೂ ಚಾವಡಿಗೆ ಕರೆದು, "ಮಾತಿನಂತೆ ನಡೆದವರು ಕೈ ಎತ್ತಿ" ಎಂದ. ಅಬ್ಬಬ್ಬಾ, ಕೈಗಳ ಕಾಡು! ಗಾಣಿಗನೊಬ್ಬ ಮಾತ್ರ ತಲೆ ತಗ್ಗಿಸಿ ಕೂತ.

"ಲೋ, ನಿನ್ನ ಗಾಣದ ಎತ್ತಾದರೂ ಇಷ್ಟರಲ್ಲಿ ಕಲಿತಿರುತ್ತಿತ್ತಲ್ಲೋ!" ಎಂದು ಗೌಡ ನಕ್ಕ. "ಅಯ್ಯನವರೇ, ಊರು ಗೆದ್ದಿತು, ತಮಟೆ ಹೊಡೆಸೋಣ!"

"ತಾಳಿ ಗೌಡರೇ. ನಿನ್ನೆ ನಿಮ್ಮ ಮನೆಯ ಸಾರಿನ ತಳ ಹೇಗಿತ್ತು?"

"ಸಾರು ಸೊಗಸಾಗಿತ್ತು. ತಳ ನನಗೇನು ಗೊತ್ತು?"

ಕೈ ಎತ್ತಿದವರಲ್ಲಿ ಒಬ್ಬನಿಗೂ ತಳದ ಸುದ್ದಿ ಗೊತ್ತಿರಲಿಲ್ಲ. ಗಾಣಿಗ ಮೆಲ್ಲಗೆ ಎಂದ: "ನಮ್ಮ ಮನೆಯದು ಸೀದಿತ್ತು, ಅಯ್ಯನವರೇ. ಕಾಳೂ ಇರಲಿಲ್ಲ. ಅವಳೂ ನಾನೂ ಹಂಚಿಕೊಂಡೆವು. ಆದರೆ ಮೊನ್ನೆ ಮರೆತು ಒಬ್ಬನೇ ಉಂಡೆದ್ದೆ. ಕೈ ಹೇಗೆ ಎತ್ತಲಿ?"

ಜಂಗಮ ಎದ್ದವನೇ ಗೌಡನ ಮನೆಗೆ ಹೋಗಿ ಸೊಸೆಯನ್ನೇ ಕೇಳಿದ.

"ಗಂಗಳ ಇಡುತ್ತಾರೆ, ಸುಳ್ಳಲ್ಲ" ಎಂದಳು ಆಕೆ. "ಪಕ್ಕದಲ್ಲೇ ಇಡುತ್ತಾರೆ. ಆಮೇಲೆ ಮುದ್ದೆ ತಾ, ಸಾರು ತಾ ಅನ್ನುತ್ತಾರೆ. ನಾನು ಕೂರುವಷ್ಟರಲ್ಲಿ ಅವರು ಕೈ ತೊಳೆದಿರುತ್ತಾರೆ."

ತಮಟೆ ಮೊಳಗಲಿಲ್ಲ. ಜಂಗಮ ಅಲ್ಲೇ ಉಳಿದು ಗಂಡಸರ ಕೈಗೆ ಸೌಟು ಕೊಟ್ಟ. ಗೌಡನ ಮಗ ಕೈ ಸುಟ್ಟುಕೊಂಡು ಮುದ್ದೆ ಕಟ್ಟಲು ಕಲಿತ. ಸೊಸೆ ಹೊಟ್ಟೆ ತುಂಬ ಉಂಡಳು, ಮಗು ಗುಂಡಗಾಯಿತು. ಗಾಣಿಗ ಮತ್ತೆರಡು ಸಲ ಮರೆತ, ಆಮೇಲೆ ಮರೆಯಲಿಲ್ಲ. ಗೌಡ ಮೊದಲ ಸಲ ತಳದ ಸಾರು ಉಂಡ ಮರುದಿನ, ಮೊದಲ ಸೌಟು ಸಾರನ್ನು ತಾನೇ ಸೊಸೆಗೆ ಬಡಿಸಿದ.

ಗುರು ಕತೆ ಮುಗಿಸಿ ಶಿಷ್ಯನ ಕೈಯಲ್ಲಿದ್ದ ಗಂಟನ್ನು ನೋಡಿದರು.

"ಮಗೂ, ಬೆಳಿಗ್ಗೆ ಮನೆಯಲ್ಲಿ ಈ ಬುತ್ತಿ ಕಟ್ಟಿಕೊಟ್ಟವಳು ಉಂಡಿದ್ದಳೇ?"

ಶಿಷ್ಯ ಗಂಟನ್ನು ಬಿಚ್ಚದೆಯೇ ಮನೆಯ ದಾರಿ ಹಿಡಿದ.