ಅಳಿವೆಯಲ್ಲಿ ಎಂಟಡಿ ನೀರು

ನದಿ ಸಮುದ್ರ ಸೇರುವ ಅಳಿವೆಯ ಪಕ್ಕ ಒಂದು ಸಣ್ಣ ಬಂದರು. ಅಳಿವೆಯ ಮರಳುದಿಬ್ಬದ ಮೇಲೆ ಆರಡಿ ನೀರಿದ್ದರೆ ದೋಣಿ ಒಳಗೆ ಬರಬಹುದು. ಕಡಿಮೆಯಿದ್ದರೆ ತಳ ಬಡಿದು ಮಗುಚುತ್ತದೆ. ಯಾವ ಹೊತ್ತಿಗೆ ಎಷ್ಟು ನೀರು ಎಂದು ಲೆಕ್ಕ ಹಾಕುವ ಲೈಬ್ರರಿಯೊಂದನ್ನು, ಅಂದರೆ ಬೇರೆ ಪ್ರೋಗ್ರಾಮುಗಳು ಕರೆದು ಉತ್ತರ ಕೇಳಬಹುದಾದ ಲೆಕ್ಕದ ಕಟ್ಟನ್ನು, ಶೇಷಗಿರಿ ಮಾಸ್ಟ್ರು ಮೂವತ್ತು ವರ್ಷದ ಹಿಂದೆಯೇ ಸಿ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದಿಟ್ಟಿದ್ದರು. ಪೈಥಾನ್ ಎಂಬ ಇನ್ನೊಂದು ಭಾಷೆಯ ತನ್ನ ಪ್ರೋಗ್ರಾಮಿನಿಂದ ಅದನ್ನು ಕರೆದು, ಬಂದ ಉತ್ತರವನ್ನು ದಡದ ಬೋರ್ಡಿನಲ್ಲಿ ತೋರಿಸುವುದು ಶಿಷ್ಯೆ ವಾರಿಜಾಳ ಹೊಸ ಕೆಲಸ.

ವಾರಿಜಾ ಕನಸುಗಣ್ಣಿನ ಹುಡುಗಿ. ಪೈಥಾನ್ ಅವಳಿಗೆ ಹೆತ್ತಮ್ಮನ ಹಾಗೆ. ಇದು ಪೂರ್ಣಾಂಕ, ಇದು ದಶಮಾಂಶ ಎಂದು ಬಾಯಿಬಿಟ್ಟು ಹೇಳದಿದ್ದರೂ ತಾನೇ ತಿಳಿದುಕೊಳ್ಳುತ್ತಿತ್ತು.

"ನನ್ನ ಲೈಬ್ರರಿಯನ್ನು ಹಾಗೆಲ್ಲ ಕರೀಲಿಕ್ಕಾಗುದಿಲ್ಲ ಮಗು," ಎಂದಿದ್ದರು ಮಾಸ್ಟ್ರು. "ಉತ್ತರ ದಶಮಾಂಶದಲ್ಲಿ ಬರ್ತದೆ ಅಂತ ಮೊದಲೇ ಒಂದು ಸಾಲು ಬರೆದಿಡು."

ವಾರಿಜಾ ಹೂಂ ಎಂದಳು. ಮನಸ್ಸು ಮಾತ್ರ ಕಿಟಕಿಯಾಚೆ ತೇಲುವ ಮಂಜಿನಲ್ಲಿತ್ತು. ಆ ಸಾಲನ್ನು ಬರೆಯಲೇ ಇಲ್ಲ.

ಮರುದಿನ ಬೆಳಿಗ್ಗೆ ಪ್ರೋಗ್ರಾಂ ಓಡಿಸಿದಳು. ಒಂದು ತಕರಾರೂ ಇಲ್ಲದೆ ಉತ್ತರ ಬಂತು: ಎಂಟು. ಸಮುದ್ರವೇ ಕಿವಿಯಲ್ಲಿ ಪಿಸುಗುಟ್ಟಿದಂತೆ ಅವಳಿಗೆ ಹಿಗ್ಗಾಯಿತು. ಅಷ್ಟರಲ್ಲಿ ಮೀನಿಗೆ ಹೋಗಿದ್ದ ಅಪ್ಪನ ಫೋನ್, ದೋಣಿಯಿಂದ.

"ಮಗಾ, ಮಂಜಿಗೆ ಬೋರ್ಡ್ ಕಾಂತಿಲ್ಲೆ. ನೀರ್ ಎಷ್ಟ್ ಇತ್ತ್?"

"ಎಂಟಡಿ ಅಪ್ಪಯ್ಯ, ಬನ್ನಿ."

ಖುಷಿ ತಡೆಯದೆ ಪ್ರೋಗ್ರಾಮಿನಲ್ಲಿ ಮಧ್ಯಾಹ್ನದ ನೀರನ್ನೂ ಕೇಳಿದಳು. ಎಂಟು. ಸಂಜೆಯದು? ಎಂಟು. ನಾಳೆಯದು? ಅದೂ ಎಂಟು. ಗಳಿಗೆಗೊಂದು ಮಟ್ಟಕ್ಕೆ ಏರಿಳಿಯುವ ಸಮುದ್ರ ಎರಡು ದಿನ ಒಂದೇ ಅಳತೆಯಲ್ಲಿ ನಿಂತೀತೇ? ವಾರಿಜಾ ಮತ್ತೆ ಫೋನ್ ಎತ್ತಿಕೊಂಡಳು. ಮಂಜಿನೊಳಗೆ ಎಂಜಿನ್ನಿನ ಸದ್ದು ಹತ್ತಿರವಾಗುತ್ತಿತ್ತು.

"ಅಪ್ಪಯ್ಯ, ಅಲ್ಲೇ ನಿಲ್ಸಿ. ನಾನ್ ಹೇಳಿದ್ದ್ ತಪ್ಪ್."

ಸದ್ದು ನಿಂತಿತು. ವಾರಿಜಾ ಆ ಒಂದು ಸಾಲು ಬರೆದು ಮತ್ತೆ ಕೇಳಿದಳು. ಮೂರೂವರೆ ಅಡಿ.

ದೋಣಿ ಉಬ್ಬರಕ್ಕಾಗಿ ನಾಲ್ಕು ತಾಸು ಮಂಜಿನಲ್ಲೇ ತೂಗುತ್ತಾ ಕಾದಿತು. ದಡದಲ್ಲಿ ವಾರಿಜಾ ಅಳುತ್ತಾ ಕೂತಿದ್ದಳು. ಮಾಸ್ಟ್ರು ಬಂದು ಪಕ್ಕದಲ್ಲಿ ಕೂತರು.

"ನಿಮ್ಮ ಲೈಬ್ರರಿ ಯಾಕೆ ಸುಳ್ಳು ಹೇಳಿತು ಮಾಸ್ಟ್ರೇ?"

"ಅದು ಸುಳ್ಳು ಹೇಳಲಿಲ್ಲ ಮಗು. ದಶಮಾಂಶವನ್ನು ಕೊಡುದು ಬಲಗೈಯಲ್ಲಿ, ಪೂರ್ಣಾಂಕವನ್ನು ಎಡಗೈಯಲ್ಲಿ. ಸರಿ ಉತ್ತರವನ್ನು ಬಲಗೈಯಲ್ಲಿ ಹಿಡಿದು ನಿಂತಿತ್ತು. ದಶಮಾಂಶ ಅಂತ ನೀನು ಹೇಳದ್ದಕ್ಕೆ ಪೈಥಾನ್ ಪೂರ್ಣಾಂಕವೇ ಇರ್ಬೇಕು ಅಂತ ಅದರ ಎಡಗೈ ಬಿಡಿಸಿ, ಅಲ್ಲಿ ಯಾವುದೋ ಹಳೇ ಲೆಕ್ಕದ ಎಂಟು ಉಳಿದದ್ದನ್ನು ಎತ್ತಿಕೊಂಡು ಬಂತು."

ಅಪ್ಪ ದೋಣಿ ಇಳಿದು ಬಂದ. ಬೈಯಲಿಲ್ಲ. "ಹಸಿವಾತ್ತ್ ಮಗಾ, ಮನಿಗ್ ಹೋಪ," ಎಂದಷ್ಟೇ ಹೇಳಿ ಅವಳ ತಲೆ ಸವರಿದ. ಆ ಕೈ ಇನ್ನೂ ಒದ್ದೆಯಾಗಿತ್ತು.

ನೀತಿ: ಹೇಳದೆಯೇ ಅರಿಯುವವರ ನಡುವೆ ಬೆಳೆದವರು, ಹೊರಗಿನವರಲ್ಲಿ ಕೇಳುವಾಗ ಬಾಯಿಬಿಟ್ಟು ಸರಿಯಾಗಿ ಕೇಳಬೇಕು. ತಕರಾರಿಲ್ಲದೆ ಬಂದ ಉತ್ತರವೆಲ್ಲ ಸರಿಯುತ್ತರವಲ್ಲ. ಅದನ್ನು ನಂಬಿ ಬರುವವರು ನಮ್ಮವರೇ ಆಗಿರಬಹುದು.