ನೀಲವ್ವನ ಪೈಪು, ಕೆಂಚನ ಬಾಯಿ

ನೀಲವ್ವನ ಹಾಲಿನ ಟೆಂಪೋ ಡೀಸೆಲ್ ಬಂಕಿಗೆ ಬಂತು. ರಸ್ತೆ ಉಬ್ಬಿನ ಮೇಲೆ ಎಗರಿತು. ಪೈಪು ಜಾರಿ ಬಿತ್ತು.

ಟೆಂಪೋದ ಮುಚ್ಚಳದ ಬಾಯಿಂದ ಟ್ಯಾಂಕಿಗೆ ಡೀಸೆಲ್ ಇಳಿಸುವ ರಬ್ಬರ್ ಪೈಪು. ಬೆಳಿಗ್ಗೆ ಕೂಡಿಸುವಾಗ ಬಿಗಿಯಾಗಿತ್ತು. ನೀಲವ್ವ ಬೆಣ್ಣೆ ಹಚ್ಚಿ ತೂರಿಸಿದ್ದಳು. ಬೆಣ್ಣೆ ಹಚ್ಚಿದ್ದು ಜಾರದೆ ಏನು ಮಾಡುತ್ತದೆ?

ಅಲ್ಲೇ ಮಲಗಿದ್ದ ಕೆಂಚ ನಾಯಿ ಮೂಸಿತು. ಬೆಣ್ಣೆ ವಾಸನೆ! ಕಚ್ಚಿಕೊಂಡು ಓಡಿತು.

ಪೈಪಿಲ್ಲದೆ ಡೀಸೆಲ್ ಇಲ್ಲ. ಡೀಸೆಲ್ ಇಲ್ಲದೆ ಟೆಂಪೋ ಹೋಗದು. ಡೈರಿ ಹತ್ತು ಮೈಲಿ. ಮಧ್ಯಾಹ್ನವಾದರೆ ಆರು ಕ್ಯಾನ್ ಹಾಲು ಒಡೆಯುತ್ತದೆ.

ನೀಲವ್ವ ಸೆರಗು ಸಿಕ್ಕಿಸಿದಳು. ನಡೆದಳು.

"ಕೆಂಚ, ಕೆಂಚ, ಪೈಪು ಕೊಡೋ. ಹಾಲು ಒಡಿತೈತಿ."

"ಬೆಣ್ಣಿ ನೆಕ್ಕಿ ಆತು. ರೊಟ್ಟಿ ತಾ. ಪೈಪು ಕೊಡ್ತೀನಿ."

ನೀಲವ್ವ ರೊಟ್ಟಿ ಬಡಿಯುವ ಗೌರವ್ವನ ಹತ್ತಿರ ಹೋದಳು.

"ಗೌರಕ್ಕ, ಗೌರಕ್ಕ, ರೊಟ್ಟಿ ಕೊಡು. ರೊಟ್ಟಿ ಕೆಂಚಗ. ಕೆಂಚ ಪೈಪು ಕೊಡ್ತಾನ. ಹಾಲು ಒಡಿತೈತಿ."

"ಹಂಚು ಕಾದೈತಿ. ಹಿಟ್ಟಿಲ್ಲ. ನನ್ನ ಜೋಳ ಗಿರಣ್ಯಾಗ ಕುಂತೈತಿ. ಹಿಟ್ಟು ತಾ."

ನೀಲವ್ವ ಗಿರಣಿಯ ಲಾಲಸಾಬನ ಹತ್ತಿರ ಹೋದಳು.

"ಕಾಕಾ, ಕಾಕಾ, ಹಿಟ್ಟು ಕೊಡು. ಹಿಟ್ಟು ಗೌರಕ್ಕಗ. ರೊಟ್ಟಿ ಕೆಂಚಗ. ಕೆಂಚ ಪೈಪು ಕೊಡ್ತಾನ. ಹಾಲು ಒಡಿತೈತಿ."

"ಇಂಜಿನ್ ಬಾಯಿ ಒಣಗೈತಿ, ಮಗಳ. ಒಂದು ಲೋಟ ಡೀಸೆಲ್ ತಾ."

ನೀಲವ್ವ ಬಂಕಿನ ಬಸಲಿಂಗನ ಹತ್ತಿರ ಹೋದಳು.

"ಬಸಲಿಂಗಣ್ಣ, ಬಸಲಿಂಗಣ್ಣ, ಡೀಸೆಲ್ ಕೊಡು. ಡೀಸೆಲ್ ಗಿರಣಿಗೆ. ಹಿಟ್ಟು ಗೌರಕ್ಕಗ. ರೊಟ್ಟಿ ಕೆಂಚಗ. ಕೆಂಚ ಪೈಪು ಕೊಡ್ತಾನ. ಹಾಲು ಒಡಿತೈತಿ."

"ಲೋಟಕ್ಕ ಹಾಕೂದಿಲ್ಲ. ಗಾಡಿಗೆ ಹಾಕ್ತೀನಿ."

"ಗಾಡಿ ಇಲ್ಲೇ ನಿಂತೈತಲ್ಲ!"

"ಅದರ ಪೈಪೆಲ್ಲೈತಿ?"

"ಕೆಂಚನ ಬಾಯಾಗ!"

ಬಸಲಿಂಗ ಹೊಟ್ಟೆ ಹಿಡಿದು ನಕ್ಕ. "ಹಂಗಾದ್ರ ಕೆಂಚಗ ಡೀಸೆಲ್ ಹಾಕ್ಲೇನು?"

ನೀಲವ್ವ ನಗಲಿಲ್ಲ. ಬಿಸಿಲು ನೋಡಿದಳು. ಕ್ಯಾನ್ ಮುಟ್ಟಿದಳು. ಬೆಚ್ಚಗಾಗಿತ್ತು.

"ನಿನ್ನ ಡೀಸೆಲ್ ನೀನ ಇಟ್ಕೋ."

ಟೆಂಪೋದ ಅಡಿ ನುಸುಳಿದಳು. ಡೈರಿಗೆ ಸಾಲದಷ್ಟು ಡೀಸೆಲ್ ಟ್ಯಾಂಕಿನ ತಳದಲ್ಲಿ ಉಳಿದಿತ್ತು. ತಳದ ನಟ್ಟು ಬಿಚ್ಚಿದಳು. ಲೋಟ ಹಿಡಿದಳು. ಟಿಪ್. ಟಿಪ್. ಟಿಪ್. ಕಡೆಯ ಹನಿಯವರೆಗೂ ಹಿಡಿದಳು. ಲೋಟ ತುಂಬಿತು. ಟ್ಯಾಂಕು ಬರಿದಾಯಿತು. ನಟ್ಟು ಬಿಗಿದಳು.

ಡೀಸೆಲ್ ಗಿರಣಿಗೆ. ಗಿರಣಿ ಟುಕು ಟುಕು ಎಂದಿತು. ಹಿಟ್ಟು ಬಂತು.

ಹಿಟ್ಟು ಗೌರವ್ವನಿಗೆ. ಗೌರವ್ವ ಪಟ ಪಟ ಬಡಿದಳು. ರೊಟ್ಟಿ ಬಂತು.

ರೊಟ್ಟಿ ಕೆಂಚನಿಗೆ. ಕೆಂಚ ಬಾಯಿ ತೆರೆಯಿತು. ಪೈಪು ಬಿತ್ತು.

ನೀಲವ್ವ ಪೈಪು ತೊಳೆದಳು. ಒಳಗೂ ಒರೆಸಿದಳು. ಬೆಣ್ಣೆ ಹಚ್ಚಲಿಲ್ಲ. ಅಂಚಿಗೆ ಸೋಪಿನ ನೀರು ಹಚ್ಚಿದಳು. ತಿರುವಿ ತಿರುವಿ ತೂರಿಸಿದಳು. ಕ್ಲಿಪ್ಪು ಹಾಕಿ ಬಿಗಿದಳು. ಎಳೆದು ನೋಡಿದಳು. ಬರಲಿಲ್ಲ. ಇನ್ನೊಮ್ಮೆ ಎಳೆದಳು. ಬರಲಿಲ್ಲ.

"ಬಸಲಿಂಗಣ್ಣ, ಈಗ ಹಾಕು."

ಹಾಕಿದ.

ಟೆಂಪೋ ಉಬ್ಬಿನ ಮೇಲೆ ಎಗರಿತು. ಕೆಂಚ ಹಿಂದೆ ಓಡಿತು. ಏನೂ ಬೀಳಲಿಲ್ಲ. ಕೆಂಚ ಮರಳಿತು.

ಹಾಲು ಡೈರಿ ಸೇರಿತು. ಒಡೆದಿರಲಿಲ್ಲ.